ಸ್ಟಶ್ ಓಡಿದ ದಿನ

ರೈಲು ಹಳಿಯ ಮುಂದೆ ಕರೀನ್ ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, ಕಿವಿಗೊಟ್ಟು ಕುಳಿತಳು. ಮುಂದಿದ್ದ ಶವದ ಕಾರು ಹಳಿ ದಾಟಿ ಗುಡ್ಡದ ತಿರುವಿನಲ್ಲಿ ಮರೆಯಾಯಿತು. ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಆ ಹಳಿಯ ಮೇಲೆ ರೈಲು ಓಡಿರಲಿಲ್ಲ. ಕಂಬಿಗಳ ನಡುವೆ ಕುರುಚಲು ಗಿಡ ಎದ್ದಿತ್ತು. ಆದರೂ ಶಾಲೆಯ ಹಳದಿ ಬಸ್ಸು ಹಳಿ ಕಂಡಲ್ಲಿ ನಿಲ್ಲಬೇಕು, ಬಾಗಿಲು ತೆರೆದು ಆಲಿಸಬೇಕು ಎಂಬುದು ಕಾನೂನು.

"ಏ ಕರೀನ್, ನಿಮ್ಮಪ್ಪ ನಮ್ಮನ್ನ ಬಿಟ್ಟು ಒಬ್ಬನೇ ಹೋಗ್ತಾ ಇದಾನೆ ಕಣೇ," ಎಂದ ಹಿಂದಿನ ಸೀಟಿನಿಂದ ಡ್ಯೂಯಿ.

"ಹೋಗ್ಲಿ ಬಿಡಿ ಅಂಕಲ್. ಇಲ್ಲಿ ನಿಲ್ಲಿಸದೆ ಹೋದ್ರೆ ಅಪ್ಪ ಪೆಟ್ಟಿಗೆಯಿಂದ ಎದ್ದು ಬಂದು ಬೈತಾನೆ."

ಬಸ್ಸಿನಲ್ಲಿದ್ದವರು ನಕ್ಕರು. ಹೆಚ್ಚಿನವರು ಚಿಕ್ಕವರಿದ್ದಾಗ ಲಿಯೊ ಹ್ರಾಬಕ್ ಓಡಿಸುತ್ತಿದ್ದ ಇದೇ ದಾರಿಯ ಬಸ್ಸಿನಲ್ಲಿ ಕಾಲ್ಡರ್ಸ್ ಬೆಂಡ್ ಶಾಲೆಗೆ ಹೋಗಿಬಂದವರು. ಈಗ ಮೊಣಕಾಲು ಮುಂದಿನ ಸೀಟಿಗೆ ತಾಗುತ್ತಿತ್ತು, ಕೆಲವರಿಗೆ ಹೊಟ್ಟೆಯೂ. ಲಿಯೊ ನಿವೃತ್ತನಾದ ಮೇಲೆ ಮಗಳು ಕರೀನ್ ಅದೇ ಕೆಲಸಕ್ಕೆ ಸೇರಿದ್ದಳು.

"ನನ್ನ ಹುಟ್ಟುಹಬ್ಬ ಜುಲೈನಲ್ಲಿ," ಎಂದಳು ಬ್ಯೂಟಿ ಪಾರ್ಲರ್ ನಡೆಸುವ ಮಾರ್ಲಿಸ್. "ಆಗ ಶಾಲೆಗೆ ರಜ. ಅದಕ್ಕೇ ಬೇಸಿಗೇಲಿ ಹುಟ್ಟಿದವರಿಗೆಲ್ಲ ಜೂನ್‌ನ ಕೊನೇ ಶಾಲಾ ದಿನ, ಅವರು ಹುಟ್ಟಿದ ದಿನದ ಕಥೆ ಹೇಳೋನು ಲಿಯೊ. ಮೈಕ್ ಹಿಡ್ಕೊಂಡು, 'ಮಕ್ಕಳೇ, ಮಾರ್ಲಿಸ್ ಹುಟ್ಟಿದ ದಿನವೇ ನಮ್ಮ ಫುಟ್‌ಬಾಲ್ ಮೈದಾನಕ್ಕೆ ಮೊದಲ ಸಲ ಹುಲ್ಲು ಬಿತ್ತಿದ್ದು. ಅವಳಿಲ್ಲದೆ ಇದ್ದಿದ್ರೆ ನಾವಿನ್ನೂ ಕೆಸರಲ್ಲೇ ಆಡ್ತಿರಬೇಕಿತ್ತು' ಅಂದ."

"ನಿಜಾನಾ ಅದು?"

"ಯಾರಿಗ್ಗೊತ್ತು? ಮೂವತ್ತು ವರ್ಷ ಆಗೋವರೆಗೂ ಆ ಹುಲ್ಲನ್ನ ಯಾರಾದ್ರೂ ತುಳಿದ್ರೆ ನಂಗೆ ಸಂಕಟ ಆಗ್ತಿತ್ತು."

ಅವಳ ಪಕ್ಕದಲ್ಲಿ ಪೊಲೀಸ್ ಉಡುಪಿನಲ್ಲಿದ್ದ ಟೆರನ್ಸ್ ಟೋಪಿಯನ್ನು ತೊಡೆಯ ಮೇಲೆ ತಿರುಗಿಸುತ್ತಿದ್ದ. "ನಾನು ಹುಟ್ಟಿದ ದಿನ ಫುಟ್‌ಬಾಲಲ್ಲಿ ನಾವು ನದಿಯಾಚೆಯ ವೆಸ್ಟ್ ಹಾರ್ಮನ್ ಕೈಲಿ ನಲವತ್ತು ಪಾಯಿಂಟಿಂದ ಸೋತಿದ್ವಂತೆ," ಎಂದ. "ಹುಟ್ಟುಹಬ್ಬದ ದಿನ, ಇವತ್ತು ನನ್ನ ಮಾನ ಹೋಯ್ತು ಅಂತ ಹೆದರ್ಕೊಂಡೇ ಬಸ್ ಹತ್ತಿದ್ದೆ. ಲಿಯೊ ಅಂದ: 'ಆ ದಿನ ಇಡೀ ಊರಲ್ಲಿ ನಡೆದ ಒಂದೇ ಒಂದು ಒಳ್ಳೇ ಕೆಲಸ ಅಂದ್ರೆ ಟೆರನ್ಸ್ ಹುಟ್ಟಿದ್ದು.'"

ಕರೀನ್ ಬಾಗಿಲು ಮುಚ್ಚಲಿಲ್ಲ. ಸ್ಟಿಯರಿಂಗ್ ಹಿಡಿದೇ ಹೇಳಿದಳು: "ಎಲ್ಲರಿಗೂ ಒಂದೊಂದು ಕಥೆ ಹುಡುಕಿ ಕೊಟ್ಟ. ಅವನ ಹುಟ್ಟುಹಬ್ಬಕ್ಕೆ ಮಾತ್ರ ಅವನದು ಅಂತ ಏನೂ ಇರಲಿಲ್ಲ ನೋಡಿ. ಇವತ್ತಿನ ದಿನ ಸ್ಟಶ್‌ದು."

ಅಂದು ನವೆಂಬರ್ ಇಪ್ಪತ್ತೆರಡು, ಲಿಯೊ ಹುಟ್ಟಿದ ತಾರೀಖು. ಕರೀನ್ ಮೊದಲ ಸೀಟಿನ ಕಡೆ ತಿರುಗಿದಳು.

"ಬರ್ನಿ ಅತ್ತೆ, ನೀವಾದ್ರೂ ಏನಾದ್ರೂ ಹೇಳಿ."

ಮೊದಲ ಸೀಟಿನಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ಬರ್ನಡೀನ್ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಲಿಯೊ ಅವಳ ಒಬ್ಬನೇ ತಮ್ಮ.

"ಬಾಗಿಲು ಮುಚ್ಚು," ಎಂದಳು. "ಚಳಿ."

* * *

ಸಾವಿರದ ಒಂಬೈನೂರ ಐವತ್ತೊಂದರ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬಿದ್ದದ್ದು ನವೆಂಬರ್ ಇಪ್ಪತ್ತೆರಡಕ್ಕೆ. ಆ ಬೆಳಿಗ್ಗೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್ ಪಂದ್ಯದಲ್ಲಿ, ಕಾಲ್ಡರ್ಸ್ ಬೆಂಡ್ ಶಾಲೆಯ ಹುಡುಗರು ನದಿಯಾಚೆಯ ವೆಸ್ಟ್ ಹಾರ್ಮನ್ ಎದುರು ನಾಲ್ಕು ಪಾಯಿಂಟು ಹಿಂದೆ ಬಿದ್ದಿದ್ದರು. ಆಟ ಮುಗಿಯಲು ಕೆಲವೇ ಕ್ಷಣ ಉಳಿದಿತ್ತು. ಹಿಮ ಕರಗಿ ಮೈದಾನವೆಲ್ಲ ಕೆಸರು. ಚೆಂಡು ಎಸೆಯಬೇಕಾಗಿದ್ದ ಹುಡುಗ ಜಾರಿದ. ಅವನ ಕೈತಪ್ಪಿದ ಚೆಂಡು ನೆಲಕ್ಕೆ ಬಡಿದು ಎದ್ದು, ಸ್ಟಶ್ ವೊಲಾನಿನ್ ಎಂಬ ಭಾರೀ ಹುಡುಗನ ಹೊಟ್ಟೆಯ ಮೇಲೆ ಬಂದು ಕುಳಿತಿತು. ಸ್ಟಶ್‌ನ ಕೆಲಸ ಎದುರು ನಿಂತವನನ್ನು ತಳ್ಳುವುದಷ್ಟೇ. ತಂಡಕ್ಕೆ ಸೇರಿದಾಗಿನಿಂದ ಅವನು ಚೆಂಡು ಮುಟ್ಟಿದವನಲ್ಲ, ಓಟದಲ್ಲಿ ಊರಿಗೇ ಕೊನೆಯವನು. ಚೆಂಡು ಸಿಕ್ಕಿತಲ್ಲ ಎಂಬ ಹೆದರಿಕೆಯಲ್ಲೇ ಓಡಿದ. ಹಾರ್ಮನ್‌ನ ಮೂವರು ಅವನ ಮೈಗೆ ಜೋತುಬಿದ್ದರು, ಒಂದು ಬೂಟು ಕೆಸರಿನಲ್ಲೇ ಉಳಿಯಿತು, ಮೂವರನ್ನೂ ಎಳೆದುಕೊಂಡೇ ಗೆರೆ ದಾಟಿದ. ಗೆರೆ ದಾಟಿದ್ದಕ್ಕೆ ಆರು ಪಾಯಿಂಟು; ಊರು ಗೆದ್ದಿತು.

ಎಷ್ಟು ದೂರ ಓಡಿದ ಎಂಬುದನ್ನು ಖಚಿತವಾಗಿ ಹೇಳುವುದು ಕಷ್ಟ. ಸ್ಟಶ್ ಬದುಕಿರುವವರೆಗೆ ನಲವತ್ತು ಗಜ ಓಡಿದ್ದ. ತೀರಿಕೊಂಡ ಮೇಲೆ ಎಪ್ಪತ್ತು ಗಜ ಓಡಿದ.

ಅದೇ ದಿನ ಸಂಜೆ ಲಿಯೊ ಆಸ್ಪತ್ರೆಯಲ್ಲಿ ಹುಟ್ಟಿದ ಎಂದು ಊರು ತಿಳಿದಿತ್ತು. ತುಂಬು ಬಸುರಿ ತಾಯಿ ಹಟ ಹಿಡಿದು ಆಟಕ್ಕೆ ಬಂದಿದ್ದಳು. ಕೊನೆಯ ಹೊತ್ತಿಗೆ ನೋವು ಎದ್ದು, ಒಂಬತ್ತು ವರ್ಷದ ಮಗಳು ಬರ್ನಡೀನ್‌ಳ ಕೈ ಹಿಡಿದು ಎದ್ದುಹೋಗಿದ್ದಳು. ಹಾಗಾಗಿ ಊರೆಲ್ಲ ಕಂಡದ್ದನ್ನು ಬರ್ನಡೀನ್ ಕಾಣಲಿಲ್ಲ.

ಆಮೇಲೆ ಪ್ರತಿ ವರ್ಷ ಆ ತಾರೀಖಿಗೆ ಊರಿನ ಸ್ಲೊವಾಕ್ ವಲಸಿಗರ ಸಂಘದ ಹಾಲಿನಲ್ಲಿ ಊಟ. ಊಟದ ನಡುವೆ ಒಬ್ಬರು ಎದ್ದು ಸ್ಟಶ್‌ನ ಓಟವನ್ನು ಹೇಳಬೇಕು. ಅದಕ್ಕೊಂದು ನಿಯಮ: ಆ ದಿನ ಮೈದಾನದ ಬೇಲಿಯೊಳಗೆ ಇದ್ದವರು ಮಾತ್ರ ಹೇಳಬಹುದು. ಕೊನೆಯಲ್ಲಿ ಪುಟ್ಟ ಲಿಯೊನಿಗೆ ಕೇಕು. ಐದು ವರ್ಷದವರೆಗೆ ಇಷ್ಟು ಜನ ಸೇರುವುದೂ ಕೂಗುವುದೂ ತನ್ನ ಹುಟ್ಟುಹಬ್ಬಕ್ಕೆಂದೇ ಅವನು ನಂಬಿದ್ದ. ಭ್ರಮೆ ಬಿಡಿಸಿದವಳು ಬರ್ನಡೀನ್.

"ಪೆದ್ದು, ಇದೆಲ್ಲ ಸ್ಟಶ್‌ಗೆ. ನಿನ್ನ ದೆಸೆಯಿಂದ ನಾನು ಅದನ್ನೂ ನೋಡಲಿಲ್ಲ."

ಲಿಯೊ ಕೇಕಿನ ಕಡೆ ಬೆರಳು ತೋರಿಸಿದ್ದ. "ಕೇಕ್ ಯಾರಿಗೆ?"

"ಕೇಕ್ ನಿಂಗೇ."

"ಹಾಗಾದ್ರೆ ಸರಿ."

ಆ ಊಟ ತಪ್ಪಿದ್ದು ಒಂದೇ ವರ್ಷ, ಅಧ್ಯಕ್ಷ ಕೆನಡಿಯವರನ್ನು ಕೊಂದ ದಿನ. ಲಿಯೊನಿಗೆ ಹನ್ನೆರಡು ತುಂಬಿತ್ತು. ಅಡುಗೆಮನೆಯಲ್ಲಿ ರೇಡಿಯೊ ಒಂದೇ ಸುದ್ದಿಯನ್ನು ಹೇಳುತ್ತಿತ್ತು. ಅಮ್ಮ ಚರ್ಚಿಗೆ ಹೋಗಿದ್ದಳು. ಬರ್ನಡೀನ್ ಮೇಜಿನ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ಏನು ಮಾಡಬೇಕೆಂದು ತೋಚದೆ ಲಿಯೊ ರೇಡಿಯೊ ಆರಿಸಿದ. ಆಲೂಗಡ್ಡೆಯ ಡಬ್ಬದ ಮೇಲೆ ಹತ್ತಿ ನಿಂತು, ಗಂಡಸರ ಬಾಯಲ್ಲಿ ಕೇಳಿದ್ದನ್ನೆಲ್ಲ ಸೇರಿಸಿ, ಸ್ಟಶ್‌ನನ್ನು ಓಡಿಸತೊಡಗಿದ. ಕೆಸರು, ಬೂಟು, ಜೋತುಬಿದ್ದ ಮೂವರು. ನಡುವೆ ಸ್ಟಶ್ ನಿಂತು, "ಯಾವ ಕಡೆ ಓಡ್ಲಿ?" ಎಂದು ರೆಫರಿಯನ್ನು ಕೇಳಿದ ಎಂದ.

ಬರ್ನಡೀನ್ ತಲೆಯೆತ್ತಿದಳು. "ಸುಳ್ಳು. ಹಾಗೆ ಕೇಳಲಿಲ್ಲ ಅವನು."

"ನೀನು ನೋಡಿದ್ಯಾ?"

"ಇಲ್ಲ."

"ಮತ್ತೆ? ಬಾಯಿ ಮುಚ್ಕೊಂಡು ಕೇಳು."

ಮೂಗು ಒರೆಸಿಕೊಂಡು ಅವಳು ಕೇಳಿದ್ದಳು. ಮುಂದೆ ಹೇಳುವವರು ಒಬ್ಬೊಬ್ಬರಾಗಿ ತೀರಿಕೊಂಡು, ಕಡೆಗೆ ಸ್ಟಶ್‌ನೂ ಹೋದ ಮೇಲೆ, ಲಿಯೊ ಹೇಳಬಹುದೇ ಎಂದು ಸಂಘದಲ್ಲಿ ವಾದವೆದ್ದಿತು. ಆಗಿನ ಪಾದ್ರಿ ತೀರ್ಮಾನ ಕೊಟ್ಟರು: "ಚರ್ಚಿನ ಲೆಕ್ಕದಲ್ಲಿ ತಾಯಿ ಹೊಟ್ಟೇಲಿರೋನೂ ಮನುಷ್ಯನೇ. ತಾಯಿ ಬೇಲಿಯೊಳಗಿದ್ಲು, ಇವನೂ ಇದ್ದ. ಟಿಕೆಟ್ ಇಲ್ಲದೆ ನುಗ್ಗಿದ ಅನ್ನೋದು ಬೇರೆ ಪಾಪ." ಆ ವರ್ಷದಿಂದ ಲಿಯೊನೇ ಹೇಳಿದ. ಬರ್ನಡೀನ್ ಮಾತ್ರ ಊಟಕ್ಕೆ ಬಂದರೂ ಓಟದ ಹೊತ್ತಿಗೆ ಎದ್ದು ಕೋಟು ಹಾಕಿಕೊಳ್ಳುತ್ತಿದ್ದಳು.

* * *

ಮಣ್ಣು ಕೊಟ್ಟು ಎಲ್ಲರೂ ಸಂಘದ ಹಾಲಿಗೆ ಬಂದರು. ಈ ವರ್ಷ ಸಾವಿನ ಊಟವೂ ಸ್ಟಶ್‌ನ ಊಟವೂ ಒಂದೇ. ಎಲೆಕೋಸು ಹಾಕಿ ಬೆಣ್ಣೆಯಲ್ಲಿ ಹುರಿದ ನೂಡಲ್ಸಿನ ತಟ್ಟೆಗಳು ನೆಲಮಾಳಿಗೆಯ ಅಡುಗೆಮನೆಯಿಂದ ಮೇಲೆ ಬರುತ್ತಿದ್ದವು. ಯಾರೋ ಲಿಯೊನ ಚಿತ್ರದ ಕೊರಳಿಗೆ ಶಾಲೆಯ ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿದ್ದರು.

ಸಂಘದ ಅಧ್ಯಕ್ಷನಾಗಿದ್ದ ಡ್ಯೂಯಿ ತಟ್ಟೆ ಹಿಡಿದು ಬರ್ನಡೀನ್ ಪಕ್ಕದಲ್ಲಿ ಕುಳಿತ.

"ಬರ್ನಿ, ಒಂದು ಮಾತು."

"ಇಲ್ಲ."

"ನಾನಿನ್ನೂ ಕೇಳೇ ಇಲ್ಲ."

"ಕೇಳೋದೇನು ಅಂತ ಗೊತ್ತು. ನಾನು ಹೇಳಲ್ಲ."

"ಆ ದಿನ ಬೇಲಿಯೊಳಗೆ ಇದ್ದವರಲ್ಲಿ ಈಗ ಉಳಿದಿರೋದು ನೀನೊಬ್ಬಳೇ ಕಣೇ. ನೀನು ಏಳದೆ ಹೋದ್ರೆ ಇಲ್ಲಿಗೆ ಮುಗೀತು. ಮುಂದಿನ ವರ್ಷ ಊಟ ಇಲ್ಲ."

"ನಿಮ್ಮ ನಿಯಮ ಬದಲಾಯಿಸ್ಕೊಳ್ಳಿ."

"ನಿಯಮ ಬದಲಾಯಿಸಿದ್ರೆ ನಾಳೆ ಹಾರ್ಮನ್‌ನವನೂ ಬಂದು ಹೇಳ್ತಾನೆ, ಸ್ಟಶ್ ಗೆರೆ ದಾಟಲೇ ಇಲ್ಲ ಅಂತ." ಡ್ಯೂಯಿ ಫೋರ್ಕನ್ನು ಕೆಳಗಿಟ್ಟ. "ನಂಗೆ ಭಾಷಣ ಬೇಡ. ಎರಡು ಮಾತು ಸಾಕು."

"ನಾನು ನೋಡಲಿಲ್ಲ ಡ್ಯೂಯಿ. ಲಿಯೊ ಹಾಗೆ ಕಟ್ಟಿ ಹೇಳೋಕೆ ನಂಗೆ ಬರಲ್ಲ. ನೋಡದೇ ಇರೋದನ್ನ ಹೇಗೆ ಹೇಳ್ಲಿ?"

ಅದು ನಿಜವೇ ಆಗಿತ್ತು. ಆದರೆ ಪೂರ್ತಿ ನಿಜವಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಲಿಯೊನಿಗೂ ಗೊತ್ತಾಗಿತ್ತು, ಈಗ್ಗೆ ಕೆಲವೇ ದಿನಗಳ ಹಿಂದೆ.

* * *

ಆಸ್ಪತ್ರೆಯ ಕಿಟಕಿಯಿಂದ ನದಿ ಕಾಣುತ್ತಿತ್ತು. ಲಿಯೊನಿಗೆ ಉಸಿರಾಟವೇ ಒಂದು ಕೆಲಸವಾಗಿತ್ತು. ಆದರೂ ಬಾಯಿ ಸುಮ್ಮನಿರಲಿಲ್ಲ.

"ಇಪ್ಪತ್ತೆರಡಕ್ಕೆ ನಾನಿರಲ್ಲ ಕಣೇ ಬರ್ನಿ. ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು."

"ಯಾಕೆ ಹಾಗಂತೀಯ?"

"ಪ್ರತಿ ವರ್ಷ ಎದ್ದು ನಿಂತಾಗ ಅಳುಕು. ನಾನು ನೋಡಿದವನಲ್ಲ, ಕೇಳಿದವನೂ ಅಲ್ಲ. ಪಾದ್ರಿ ಏನೇ ಹೇಳ್ಲಿ, ಹೊಟ್ಟೇಲಿದ್ದದ್ದನ್ನ ಇದ್ದದ್ದು ಅಂತಾರಾ? ಕಳ್ಳ ಟಿಕೆಟ್‌ನಲ್ಲಿ ಕೂತ ಹಾಗೆ."

ಬರ್ನಡೀನ್ ಅವನ ಹೊದಿಕೆ ಸರಿಮಾಡುತ್ತಿದ್ದಳು. ಕೈ ಅಲ್ಲೇ ನಿಂತಿತು. ಇಷ್ಟು ವರ್ಷ ಇವನು ನಕ್ಕುಕೊಂಡು ಎದ್ದು ನಿಲ್ಲುತ್ತಿದ್ದನಲ್ಲ, ಒಳಗೆ ಹೀಗಿತ್ತೇ ಎಂದು ಅವಳಿಗೆ ಹೊಳೆದೇ ಇರಲಿಲ್ಲ.

"ನೀನು ಆಸ್ಪತ್ರೇಲಿ ಹುಟ್ಟಲಿಲ್ಲ ಕಣೋ," ಎಂದಳು.

"ಮತ್ತೆ?"

"ಮೈದಾನದಲ್ಲೇ. ಜನ ಕೂರೋ ಮರದ ಅಟ್ಟಣೆ ಕೆಳಗೆ. ಸ್ಟಶ್ ಓಡ್ತಾ ಇದ್ದಾಗ. ಆಸ್ಪತ್ರೆಗೆ ಹೋಗಿದ್ದು ಆಮೇಲೆ."

ಲಿಯೊ ಅವಳನ್ನೇ ನೋಡಿದ. "ಆ ಕೂಗು ನಾನು ಕೇಳಿಸ್ಕೊಂಡ್ನಾ?"

"ಕೇಳಿಸ್ಕೊಂಡೇ ಹುಟ್ಟಿದೆ."

ಅವನು ನಗತೊಡಗಿದ. ನಗು ಕೆಮ್ಮಾಯಿತು, ಕೆಮ್ಮಿನ ನಡುವೆ ಮತ್ತೆ ನಗು; ನರ್ಸ್ ಓಡಿಬಂದು ಇಬ್ಬರಿಗೂ ಬೈದಳು. ಅವಳು ಹೋದ ಮೇಲೆ ಲಿಯೊ ಕಣ್ಣೊರೆಸಿಕೊಂಡ.

"ಯಾಕೇ ಹೇಳಲಿಲ್ಲ ಇಷ್ಟು ವರ್ಷ?"

"ಅಮ್ಮ ಮಾತು ತಗೊಂಡಿದ್ಲು, ಪ್ರಾಣ ಹೋದ್ರೂ ಯಾರಿಗೂ ಹೇಳಬಾರದು ಅಂತ. ನಿನಗೆ ಹೇಳಿದ್ರೆ ಊರಿಗೇ ಹೇಳಿದ ಹಾಗೆ."

"ಅದೂ ನಿಜವೇ." ಅವನು ಸ್ವಲ್ಪ ದಣಿವಾರಿಸಿಕೊಂಡ. "ಇಪ್ಪತ್ತೆರಡಕ್ಕೆ ನೀನು ಹೇಳು ಬರ್ನಿ."

"ಸತ್ತೋದವಳಿಗೆ ಕೊಟ್ಟ ಮಾತು ಅದು. ಆಗಲ್ಲ."

"ನಾನೂ ಸಾಯೋನೇ ತಾನೇ? ನನ್ನ ಮಾತೂ ಒಂದಿರಲಿ."

ಅವಳು ಒಪ್ಪಲಿಲ್ಲ. ಅವನು ಮತ್ತೆ ಕೇಳಲೂ ಇಲ್ಲ.

* * *

ತಟ್ಟೆಗಳು ಖಾಲಿಯಾದವು. ಡ್ಯೂಯಿ ಎದ್ದು ನಿಂತು ಲೋಟಕ್ಕೆ ಚಮಚ ಬಡಿದ.

"ಇವತ್ತು ಹೇಳೋಕೆ ಯಾರೂ ಉಳಿದಿಲ್ಲ," ಎಂದ. "ನಿಯಮ ಗೊತ್ತಲ್ಲ. ಹಾಗಾಗಿ ಇದೇ ಕೊನೇ ಊಟ ಅನ್ಕೋಬೇಕು. ಪದ್ಧತಿ ಹೇಗಿದ್ಯೋ ಹಾಗೇ ಮುಗಿಸೋಣ. ಲೋಟ ಎತ್ತಿ. ಈ ದಿನಕ್ಕೆ, ಸ್ಟಶ್‌ಗೆ."

"ಸ್ಟಶ್‌ಗೆ," ಎಂದರು ಎಲ್ಲರೂ. ಕರೀನ್ ಕೂಡ ಲೋಟ ಎತ್ತಿದಳು. ಅಪ್ಪನ ಚಿತ್ರದ ಕಡೆ ನೋಡಲಿಲ್ಲ.

ಬರ್ನಡೀನ್ ಕೋಟು ಹಾಕಿಕೊಳ್ಳಲು ಎದ್ದಿದ್ದಳು. ಒಂದು ತೋಳು ಒಳಗೆ ಹೋಗಿತ್ತು.

"ಇವತ್ತು ಹುಟ್ಟಿದ್ದು ಸ್ಟಶ್ ಅಲ್ಲ," ಎಂದಳು.

ಮಾತು ಸಣ್ಣದಾಗಿ ಬಂತು. ಹತ್ತಿರದವರಿಗಷ್ಟೇ ಕೇಳಿಸಿತು. ಮಾರ್ಲಿಸ್ "ಶ್" ಎಂದಳು. ಲೋಟಗಳು ಅರ್ಧದಲ್ಲೇ ನಿಂತವು.

"ನಾನು ಓಟ ನೋಡಲಿಲ್ಲ," ಎಂದಳು ಬರ್ನಡೀನ್. "ಅದು ಮೊದಲೇ ಹೇಳಿಬಿಡ್ತೀನಿ, ಆಮೇಲೆ ಜಗಳ ಬೇಡ. ನೋಡಲಿಲ್ಲ, ಆದ್ರೆ ಬೇಲಿ ದಾಟಿ ಹೊರಗೆ ಹೋಗಲೂ ಇಲ್ಲ. ಅಟ್ಟಣೆ ಇಳಿಯೋಷ್ಟರಲ್ಲಿ ಅಮ್ಮಂಗೆ ನಡೆಯೋಕೇ ಆಗಲಿಲ್ಲ. ಅಲ್ಲೇ ಕೆಳಗೆ, ಹಲಗೆಗಳ ಅಡಿ, ಒಣಗಿರೋ ಜಾಗ ನೋಡಿ ಮಲಗಿಬಿಟ್ಲು. 'ಅಪ್ಪನ್ನ ಕರೀಲಾ?' ಅಂದೆ. 'ಬೇಡ, ಆಟ ಮುಗೀಲಿ' ಅಂದ್ಲು."

ಮೊದಲು ಒಬ್ಬರು, ಆಮೇಲೆ ಹತ್ತು ಜನ ನಕ್ಕರು. ಬರ್ನಡೀನ್ ನಗಲಿಲ್ಲ, ಅವಳಿಗೆ ಮುಂದಿನದನ್ನು ಸರಿಯಾಗಿ ಹೇಳುವ ಆತಂಕವಿತ್ತು.

"ನಂಗೆ ಒಂಬತ್ತು ವರ್ಷ. ಏನು ಗೊತ್ತಿತ್ತು? ಅಳ್ತಾ ನಿಂತಿದ್ದೆ. ಆಗ ಒಬ್ಬಳು ಹೆಂಗಸು ಬಂದ್ಲು, ಶೌಚಕ್ಕೆ ಅಂತ ಆ ಕಡೆ ಬಂದವಳು. ಕೋಟು ಬಿಚ್ಚಿ ಅಮ್ಮನ ಕೆಳಗೆ ಹಾಸಿದ್ಲು. 'ಹೆದರಬೇಡ ಮಗು, ನಾನು ಐದು ಹೆತ್ತಿದೀನಿ' ಅಂದ್ಲು. ಮೇಲೆ ಜನ ಕೂಗ್ತಿದ್ರು. ಅವಳು ಒಂದೊಂದು ಸಲ ತಲೆ ಎತ್ತಿ ಕೇಳಿಸ್ಕೊಳ್ಳೋಳು, ಮತ್ತೆ ಅಮ್ಮನ ಕಡೆ ತಿರುಗೋಳು. 'ನನ್ನ ದೊಡ್ಡ ಮಗ ಆಡ್ತಾ ಇದಾನೆ' ಅಂದ್ಲು. 'ಅಂಗಿ ಮೇಲೆ ಯಾವ ನಂಬರ್?' ಅಂದೆ. ಹೇಳಿದ್ಲು. ಆ ನಂಬರಿನವನು ನಮ್ಮಲ್ಲಿ ಇರಲೇ ಇಲ್ಲ."

ಡ್ಯೂಯಿಯ ಬಾಯಿ ತೆರೆದುಕೊಂಡಿತು. "ಹಾರ್ಮನ್‌ನವಳಾ?"

"ಹಾರ್ಮನ್‌ನವಳೇ. ಅವಳ ಕೊರಳಲ್ಲಿ ಅವರ ಶಾಲೆ ಬಣ್ಣದ್ದೇ, ನೀಲಿ ಉಣ್ಣೆ ಪಟ್ಟಿ ಇತ್ತು. ಲಿಯೊ ಹುಟ್ಟಿದ, ಸುತ್ತೋಕೆ ಏನೂ ಇಲ್ಲ. ಆ ಪಟ್ಟಿ ಬಿಚ್ಚಿ ಅದರಲ್ಲೇ ಸುತ್ತಿದ್ಲು. ನೀಲಿ ಬಟ್ಟೇಲಿ." ಅವಳು ಕರೀನ್ ಕಡೆ ನೋಡಿದಳು. "ನಿಮ್ಮಜ್ಜಿಗೆ ನೆಲದ ಮೇಲೆ ಹೆತ್ತಿದ್ದಕ್ಕೆ ನಾಚಿಕೆ ಇರಲಿಲ್ಲ ಕಣೇ. ಹುಟ್ಟಿದ ಮಗನ ಮೈಗೆ ಮೊದಲು ತಾಗಿದ ಬಟ್ಟೆ ಹಾರ್ಮನ್‌ನವರದು ಅನ್ನೋದು ಯಾರಿಗೂ ಗೊತ್ತಾಗಬಾರದಿತ್ತು. ಅಷ್ಟಕ್ಕೇ ಸಾಯೋವರೆಗೆ ಬಾಯಿ ಬಿಡಲಿಲ್ಲ, ನನ್ನನ್ನೂ ಬಿಡೋಕೆ ಬಿಡಲಿಲ್ಲ."

ಹಾಲಿನಲ್ಲಿ ಎದ್ದ ನಗು ಬೇಗ ಇಳಿಯಲಿಲ್ಲ. ಟೆರನ್ಸ್ ಟೋಪಿಯಿಂದ ಮುಖ ಮುಚ್ಚಿಕೊಂಡಿದ್ದ. "ನೀಲಿಯಂತೆ," ಎಂದು ಯಾರೋ, "ನಮ್ಮ ಲಿಯೊ," ಎಂದು ಇನ್ನಾರೋ. ಕರೀನ್ ಎರಡೂ ಕೈಯಲ್ಲಿ ಬಾಯಿ ಹಿಡಿದುಕೊಂಡು ಅಲುಗಾಡುತ್ತಿದ್ದಳು. ಅದು ಅಳುವೋ ನಗುವೋ ತಿಳಿಯುತ್ತಿರಲಿಲ್ಲ.

"ಓಟ," ಎಂದ ಡ್ಯೂಯಿ ಮೆಲ್ಲಗೆ. "ಓಟದ ಹೊತ್ತಿಗೆ ಏನಾಯ್ತು ಬರ್ನಿ?"

"ಕತ್ತಲಾಯ್ತು." ಬರ್ನಡೀನ್ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಮೇಲೆ ಎಲ್ಲರೂ ಎದ್ದು ನಿಂತುಬಿಟ್ರು. ಹಲಗೆ ಸಂದಿನಿಂದ ಬರ್ತಿದ್ದ ಬೆಳಕೆಲ್ಲ ಹೋಯ್ತು. ಆಮೇಲೆ ಕಾಲು ಬಡಿಯೋಕೆ ಶುರು ಮಾಡಿದ್ರು. ಊರಿಗೆ ಊರೇ ನನ್ನ ತಲೆ ಮೇಲೆ ಕುಣೀತಾ ಇತ್ತು. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಎಷ್ಟು ಗಜ ಅಂತ ನನ್ನ ಕೇಳಬೇಡಿ. ಹಲಗೆಯಿಂದ ಧೂಳು, ಕಡಲೆಕಾಯಿ ಸಿಪ್ಪೆ ಎಲ್ಲ ನಮ್ಮ ಮೇಲೆ ಸುರೀತು. ಮಗು ಉಸಿರೇ ಎತ್ತಿರಲಿಲ್ಲ ಅಲ್ಲೀವರೆಗೆ. ಆ ಹೆಂಗಸು ಬೆನ್ನು ತಟ್ತಾ ಇದ್ಲು, ತಟ್ತಾ ಇದ್ಲು. ಆ ಧೂಳು ಮೂಗಿಗೆ ಹೋಗಿ ಸೀನಿದ. ಸೀನಿ ಆಮೇಲೆ ಅತ್ತ. ಅತ್ತಿದ್ದು ಅವನ ಬಾಯಿ ನೋಡಿ ಗೊತ್ತಾಯ್ತು ಅಷ್ಟೇ, ಕೇಳಿಸಲಿಲ್ಲ."

ಟೆರನ್ಸ್ ಮುಖದಿಂದ ಟೋಪಿ ತೆಗೆದ.

"ಅವಳಿಗೆ ಕಾಲಿನ ಸದ್ದು ಯಾವ ಕಡೆಯದು ಅಂತ ಗೊತ್ತಾಯ್ತು. ಅವಳ ಮಗ ಸೋತ. ಮಗೂನ ನನ್ನ ಕೈಲಿಟ್ಲು. 'ನಿಮ್ಮವರು ಗೆದ್ರು,' ಅಂದ್ಲು. 'ಇವನಿಗೆ ಹೇಳು, ಇದೆಲ್ಲ ಅವನಿಗೇ ಅಂತ.'"

ಬರ್ನಡೀನ್ ಸುತ್ತ ನೋಡಿದಳು, ಇನ್ನೇನಾದರೂ ಬಿಟ್ಟಿದ್ದೇನೆಯೇ ಎಂಬಂತೆ.

"ನಾನು ಹೇಳಲಿಲ್ಲ," ಎಂದಳು. "ಉಲ್ಟಾ ಹೇಳಿದೆ. ಮೊನ್ನೆ ಮೊನ್ನೆವರೆಗೂ."

ಮೊದಲು ಯಾರು ಕಾಲು ಬಡಿದರೋ ಹೇಳಲಾಗದು. ಟೆರನ್ಸ್ ಎನ್ನುವವರಿದ್ದಾರೆ, ಅವನ ಬೂಟು ಭಾರದ್ದು. ಕರೀನ್ ಎನ್ನುವವರೂ ಇದ್ದಾರೆ. ಹಿಂದಿನ ಮೇಜು ಸೇರಿಕೊಂಡಿತು, ಆಮೇಲೆ ಗೋಡೆಯ ಬದಿಯ ಮುದುಕರು ಊರುಗೋಲುಗಳೊಂದಿಗೆ. ಡ್ಯೂಯಿ ಕುರ್ಚಿಗೆ ಕುಳಿತು ಎರಡೂ ಕಾಲು ಎತ್ತೆತ್ತಿ ಬಡಿಯುತ್ತಿದ್ದ.

ಕೆಳಗೆ ನೆಲಮಾಳಿಗೆಯಲ್ಲಿ ಅಡುಗೆಯ ಫಿಲೊಮಿನಾ ಕಾಫಿಗೆ ನೀರಿಡುತ್ತಿದ್ದಳು. ಛಾವಣಿಯ ತೊಲೆಗಳು ನಡುಗಿದವು, ದೀಪ ತೂಗಾಡಿತು. ಸುಣ್ಣದ ಪುಡಿ ಉದುರತೊಡಗಿದಾಗ ಅವಳೂ ಇನ್ನೊಬ್ಬಳೂ ಬಿಳಿಯ ಮೇಜುಬಟ್ಟೆಯೊಂದನ್ನು ಎಳೆದು, ಮೂಲೆಗಳನ್ನು ಹಿಡಿದು, ಅಕ್ರೋಟು ತುಂಬಿದ ಸಿಹಿ ರೊಟ್ಟಿಗಳ ಮೇಲೆ ಚಪ್ಪರದಂತೆ ಚಾಚಿದರು. ತಮ್ಮ ತಲೆಗೂದಲ ಮೇಲೆ ಬೀಳುತ್ತಿದ್ದುದನ್ನು ಇಬ್ಬರೂ ಕೊಡವಿಕೊಳ್ಳಲಿಲ್ಲ. ಬಟ್ಟೆಯನ್ನು ಬಿಗಿಯಾಗಿ ಹಿಡಿದು, ಮುಖವೆತ್ತಿ, ಮೇಲಿನ ಸದ್ದನ್ನು ಕೇಳುತ್ತ ನಿಂತರು.